ಫೋನ್ ಕಿತ್ತುಕೊಳ್ಳಲ್ಲ ಅಂತ ಮಾತು ಕೊಟ್ಟ ಮೇಲೆ

ನಮ್ಮನೆಯಲ್ಲಿ ಮಗ ಐದನೇ ಕ್ಲಾಸು, ಮಗಳು ಒಂಬತ್ತನೇ ಕ್ಲಾಸು. ಇಬ್ಬರಿಗೂ ಒಂದೇ ಕಟ್ಟುಪಾಡು ಹಾಕಿದರೆ ನಡೆಯುವುದಿಲ್ಲ. ಮಗನಿಗೆ ಸೆಟ್ಟಿಂಗ್ಸ್ ಸಾಕು. ಮಗಳಿಗೆ ಅದು ಸಾಲದು.

ಮಗನ ಕೈಯಲ್ಲಿರುವುದು ಸಿಮ್ ಇಲ್ಲದ ನನ್ನ ಹಳೇ ಫೋನ್. ಅದರಲ್ಲಿ ಗೂಗಲ್ ಫ್ಯಾಮಿಲಿ ಲಿಂಕ್ ಮೂಲಕ ಅವನದೇ ಒಂದು ಅಕೌಂಟ್ ಮಾಡಿದೆ. ಈಗ ಯಾವ ಆ್ಯಪ್ ಹಾಕಬೇಕಾದರೂ ನನ್ನ ಫೋನಿಗೆ ರಿಕ್ವೆಸ್ಟ್ ಬರುತ್ತದೆ. ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೇ "ಅಮ್ಮಾ, ಕಳಿಸಿದೀನಿ, ಒಪ್ಕೋ" ಅಂತ ಕೂಗು. ಪ್ಲೇ ಸ್ಟೋರ್‌ನಲ್ಲಿ ನಾನು ನೋಡುವುದು ಎರಡೇ: ಆಟದೊಳಗೆ ದುಡ್ಡು ಕೇಳುತ್ತದಾ, ಗುರುತಿಲ್ಲದವರ ಜೊತೆ ಚಾಟ್ ಇದೆಯಾ. ಎರಡೂ ಇದ್ದರೆ ಬೇಡ. ರಾತ್ರಿ 9ಕ್ಕೆ ಫೋನ್ ತಾನೇ ಲಾಕ್ ಆಗುತ್ತದೆ. ಬೈಗುಳ ಫೋನಿಗೆ, ನನಗಲ್ಲ.

ವೈಫೈ ರೂಟರ್‌ನಲ್ಲಿ ಡಿಎನ್‌ಎಸ್ (ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಅನ್ನು 1.1.1.3ಕ್ಕೆ ಬದಲಾಯಿಸಿದೆ. ಇದು ಕ್ಲೌಡ್‌ಫ್ಲೇರ್ ಎಂಬ ಇಂಟರ್ನೆಟ್ ಕಂಪನಿಯ ಉಚಿತ ಸೇವೆ. ಅಶ್ಲೀಲ ಸೈಟುಗಳೂ ವೈರಸ್ ಹರಡುವ ಸೈಟುಗಳೂ ತೆರೆದುಕೊಳ್ಳುವುದಿಲ್ಲ. ಆದರೆ ಯೂಟ್ಯೂಬಿನ ಒಳಗೆ ಬರುವುದನ್ನೆಲ್ಲ ಇದು ತಡೆಯುವುದಿಲ್ಲ. ಮೊಬೈಲ್ ಡೇಟಾಕ್ಕೂ ರೂಟರ್ ಸೆಟ್ಟಿಂಗ್ ಲೆಕ್ಕಕ್ಕಿಲ್ಲ. ರಜೆಯಲ್ಲಿ ಊರಿಗೆ ಹೋದರೆ ಮಕ್ಕಳಿಗೆ ಸಿಗುವುದು ನಮ್ಮತ್ತೆಯ ಫೋನ್, ಅದಕ್ಕೆ ಲಾಕೂ ಇಲ್ಲ! ಹಾಗಾಗಿ ಅದರ ಸೆಟ್ಟಿಂಗ್ಸ್‌ನಲ್ಲಿರುವ ಪ್ರೈವೇಟ್ ಡಿಎನ್‌ಎಸ್‌ನಲ್ಲೂ ಕ್ಲೌಡ್‌ಫ್ಲೇರ್ ಫ್ಯಾಮಿಲಿಯ ವಿಳಾಸ ಹಾಕಿಕೊಟ್ಟು ಬಂದೆ. ಅತ್ತೆಗೆ ಇದರಿಂದ ಏನೂ ತೊಂದರೆಯಾಗಿಲ್ಲ, ಧಾರಾವಾಹಿ ಎಂದಿನಂತೆ ಬರುತ್ತಿದೆ.

ಮಗಳಿಗೆ ಫೋನ್ ಕೊಡುವಾಗ ನಮ್ಮ ಯಜಮಾನ್ರೂ ನಾನೂ ಒಂದು ಮಾತು ಕೊಟ್ಟಿದ್ದೆವು: ಏನೇ ಆಗಲಿ, ಬಂದು ಹೇಳಿದರೆ ಫೋನ್ ಕಿತ್ತುಕೊಳ್ಳುವುದಿಲ್ಲ. ನಾದಿನಿ "ಸಲಿಗೆ ಜಾಸ್ತಿ ಆಯ್ತು" ಅಂದಳು. ಇರಬಹುದು. ಆದರೆ ಹೇಳಿದರೆ ಫೋನ್ ಹೋಗುತ್ತದೆ ಅಂತ ಗೊತ್ತಿದ್ದ ಮಗು ಬಾಯಿ ಬಿಡುತ್ತದಾ?

ಒಂದು ಸಂಜೆ ಅವಳೇ ಫೋನ್ ತಂದು ಮುಂದಿಟ್ಟಳು. ಗೇಮಿನ ಚಾಟ್‌ನಲ್ಲಿ ಸಿಕ್ಕಿದ ಒಬ್ಬ. ಮೊದಲು ಆಟದ ಮಾತು. ಆಮೇಲೆ ಯಾವ ಸ್ಕೂಲು ಅಂತ ವಿಚಾರಣೆ. ಆಮೇಲೆ ಒಂದು ಫೋಟೋ ಕಳಿಸು. ಕೊನೆಗೆ "ಇಲ್ಲಿ ಬೇಡ, ಬೇರೆ ಆ್ಯಪ್‌ಗೆ ಬಾ, ಮನೇಲಿ ಹೇಳ್ಬೇಡ, ಅವರಿಗೆ ಅರ್ಥ ಆಗಲ್ಲ." ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಓದಿದೆವು. ಅವಳಿಗೆ ಅನುಮಾನ ಬಂದದ್ದು ಬೇರೆಯೇ ಕಾರಣಕ್ಕೆ. "ಹತ್ತನೇ ಕ್ಲಾಸು ಅಂತಾನೆ. ಪ್ರಿಪರೇಟರಿ ಯಾವಾಗ ಅಂದ್ರೆ ಹಾಗಂದ್ರೇನು ಅಂತಾನೆ ಅಮ್ಮಾ!" ಎಸ್ಸೆಸ್ಸೆಲ್ಸಿ ಓದುವ ಹುಡುಗನಿಗೆ ಪ್ರಿಪರೇಟರಿ ಗೊತ್ತಿಲ್ಲವಂತೆ. ಇಬ್ಬರಿಗೂ ನಗು ಬಂತು. ನನಗೆ ಒಳಗೊಳಗೇ ನಡುಕವೂ ಬಂತು, ತೋರಿಸಿಕೊಳ್ಳಲಿಲ್ಲ.

ಸಿಟ್ಟಿನಲ್ಲಿ ತಕ್ಷಣ ಬ್ಲಾಕ್ ಮಾಡಬಾರದು. ಕೆಲವು ಆ್ಯಪ್‌ಗಳಲ್ಲಿ ಬ್ಲಾಕ್ ಮಾಡಿದ ಮೇಲೆ ಚಾಟ್ ಸಿಗುವುದೇ ಇಲ್ಲ. ಮೊದಲು ಪ್ರೊಫೈಲಿನ, ಯೂಸರ್‌ನೇಮಿನ, ಪೂರ್ತಿ ಚಾಟಿನ ಸ್ಕ್ರೀನ್‌ಶಾಟ್. ಆಮೇಲೆ ರಿಪೋರ್ಟ್. ಕೊನೆಗೆ ಬ್ಲಾಕ್. ನಾವು ಇದೇ ಕ್ರಮದಲ್ಲಿ ಮಾಡಿದೆವು.

ಅವಳು ಫೋಟೋ ಕಳಿಸಿರಲಿಲ್ಲ. ಕಳಿಸಿಬಿಟ್ಟ ಮಕ್ಕಳೂ ಇರುತ್ತಾರೆ, ಆಗ "ದುಡ್ಡು ಕೊಡು, ಇಲ್ಲ ಎಲ್ಲರಿಗೂ ಹಂಚ್ತೀನಿ" ಅಂತ ಬೆದರಿಕೆ ಶುರುವಾಗುತ್ತದೆ. ಕೊಡಬೇಡಿ, ಕೊಟ್ಟರೆ ಮತ್ತೆ ಕೇಳುತ್ತಾರೆ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ಮಕ್ಕಳ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ಹೋಗಬಹುದು. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ 1098. 2012ರ ಪೋಕ್ಸೊ ಕಾಯ್ದೆ ಇರುವುದು 18 ತುಂಬದ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲಿಕ್ಕೇ, ಇದನ್ನು ಮಗುವಿಗೂ ಹೇಳಿ. 'ಟೇಕ್ ಇಟ್ ಡೌನ್' ಅಂತ ಒಂದು ಉಚಿತ ಸೇವೆಯೂ ಇದೆ. ಅಲ್ಲಿಗೆ ಫೋಟೋ ಕಳಿಸಬೇಕಿಲ್ಲ. ಫೋನಿನಲ್ಲೇ ಅದರದೊಂದು ಗುರುತಿನ ಸಂಖ್ಯೆ ತಯಾರಾಗುತ್ತದೆ, ಅದನ್ನು ಹಿಡಿದು ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥವರು ಆ ಫೋಟೋ ಹುಡುಕಿ ತೆಗೆಯುತ್ತಾರೆ.

ಅಂದಹಾಗೆ ನಮ್ಮ ಕಡೆಯದೂ ಒಂದಿದೆ. ಶಾಲೆ ಶುರುವಾದ ದಿನ ಯೂನಿಫಾರಂ ಫೋಟೋ ಸ್ಟೇಟಸ್‌ಗೆ ಹಾಕುತ್ತೇವಲ್ಲ, ಬ್ಯಾಡ್ಜಿನಲ್ಲಿ ಶಾಲೆಯ ಹೆಸರು ಕಾಣುತ್ತಿದೆಯಾ ನೋಡಿ.

ಮಗಳಿಗೆ ಈಗ ಇನ್‌ಸ್ಟಾಗ್ರಾಂ ಬೇಕಂತೆ. ಹದಿನಾಲ್ಕಾಗಿದೆ, ಅವರ ನಿಯಮದ ಪ್ರಕಾರ ಅಡ್ಡಿಯಿಲ್ಲ. ಈ ವಯಸ್ಸಿನವರಿಗೆ ಅದು ಟೀನ್ ಅಕೌಂಟ್ ಆಗಿರುತ್ತದೆ. ಅಕೌಂಟ್ ತಾನಾಗಿಯೇ ಪ್ರೈವೇಟ್, ಹದಿನಾರರೊಳಗಿನವರು ಅದನ್ನು ಸಡಿಲಿಸಬೇಕಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಇತ್ತೀಚೆಗೆ ಯಾರಿಗೆ ಮೆಸೇಜ್ ಮಾಡಿದಳು ಅಂತ ನಾನು ನೋಡಬಹುದು, ಏನು ಬರೆದಳು ಅಂತ ಕಾಣುವುದಿಲ್ಲ. ನನಗೆ ಇದು ಸರಿಯಾದ ಅಳತೆ ಅನಿಸುತ್ತದೆ. ಅವಳಿಗೆ ಹೆಸರು ಕಾಣುವುದೂ ಜಾಸ್ತಿಯೇ. ಚೌಕಾಸಿ ಇನ್ನೂ ನಡೆಯುತ್ತಿದೆ.