ಮೋರಿಯ ಗೋಡೆಗೆ ಬಳಿದ ಗೆರೆಗಳು

ಉಡುಪಿ ಜಿಲ್ಲೆಯ ಉಪ್ಪೂರಿನ ಕೆಳಗೆ, ಸ್ವರ್ಣಾ ನದಿಯ ಬದಿಯಲ್ಲಿ ನಮ್ಮದು ಒಂದೂವರೆ ಎಕರೆ ಬೈಲು ಗದ್ದೆ, ಅಂದರೆ ತಗ್ಗಿನ ಭತ್ತದ ಗದ್ದೆ. ನೆರೆ ಹೊಸತಲ್ಲ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಒಂದೆರಡು ಸಲ ನೀರು ಹತ್ತುತ್ತದೆ, ಇಳಿಯುತ್ತದೆ. ಆದರೆ 2020ರ ಸೆಪ್ಟೆಂಬರ್ 20ರ ಭಾನುವಾರ ಬಂದದ್ದು ಬೇರೆಯೇ. ರಾತ್ರಿಯಿಡೀ ಮಳೆ, ಬಾಗಿಲು ತೆರೆದರೆ ಅಂಗಳದ ಮೆಟ್ಟಿಲಿನವರೆಗೆ ಕೆಂಪು ನೀರು. ಕದಿರಿಗೆ ಹಾಲು ತುಂಬುವ ಹೊತ್ತು ಅದು. ನೀರಿಳಿದ ಮೇಲೆ ಒಂದು ಕದಿರು ಹಿಡಿದು ನೋಡಿದೆ. ಕಾಳುಕಾಳಿನ ಮೇಲೂ ಕೆಸರಿನ ತೆಳು ಪೊರೆ, ಬೆರಳಲ್ಲಿ ಉಜ್ಜಿದರೂ ಹೋಗಲಿಲ್ಲ. ಕೊಯ್ದಾಗ ಅರ್ಧಕ್ಕರ್ಧ ಜಳ್ಳು.

ಪರಿಹಾರಕ್ಕೆ ಬರೆಸುವಾಗ ಎಷ್ಟು ನೀರು, ಎಷ್ಟು ಹೊತ್ತು ನಿಂತಿತ್ತು ಎಂದು ಕೇಳಿದರು. ನಾನು ಸೊಂಟದವರೆಗೆ ಎಂದೆ. ಪಕ್ಕದ ಮನೆಯ ಅಣ್ಣ ಎದೆಮಟ್ಟ ಎಂದರು. ಎರಡೂ ಗದ್ದೆಗೆ ನಡುವೆ ಇರುವುದು ಒಂದೇ ಅಂಚು! ಬಂಟ್ವಾಳದಲ್ಲಿ ನೇತ್ರಾವತಿಗೆ 8.5 ಮೀಟರ್ ಅಪಾಯದ ಮಟ್ಟ ಎಂದು ಪೇಪರಿನಲ್ಲಿ ಓದುತ್ತೇವೆ, ಆದರೆ ನಮ್ಮ ತೋಡಿನ, ಅಂದರೆ ಗದ್ದೆ ಬದಿಯ ಸಣ್ಣ ಹಳ್ಳದ, ನೀರು ಎಷ್ಟೆಂದು ನಮಗೇ ಗೊತ್ತಿರಲಿಲ್ಲ.

ಮರುವರ್ಷ ಮೇ ತಿಂಗಳಲ್ಲಿ ತೋಡು ರಸ್ತೆಯ ಅಡಿ ಹಾಯುವ ಮೋರಿಯ ಗೋಡೆಗೆ ಬಿಳಿ ಪೇಂಟಿನಲ್ಲಿ ಇಂಚಿನ ಗೆರೆ ಎಳೆದೆ. ಸೊನ್ನೆಯನ್ನು ತೋಡಿನ ತಳಕ್ಕೆ ಇಡಲಿಲ್ಲ. ಅಲ್ಲಿ ಪ್ರತಿ ಮಳೆಗೂ ಮರಳು ತುಂಬುತ್ತದೆ, ಕೊಚ್ಚಿಹೋಗುತ್ತದೆ. ರಸ್ತೆಯ ಡಾಂಬರೇ ಸೊನ್ನೆ. ಅದರ ಕೆಳಗೆ ಮೈನಸ್, ಮೇಲಿನದಕ್ಕೆ ಪಕ್ಕದ ತೆಂಗಿನ ಮರದಲ್ಲಿ ಗೆರೆ. ಮೇಸ್ತ್ರಿಗಳು ಮಟ್ಟ ನೋಡುವ ಹಾಗೆ ಪಾರದರ್ಶಕ ಪೈಪಿಗೆ ನೀರು ತುಂಬಿಸಿ, ಅದೇ ಮಟ್ಟವನ್ನು ಗದ್ದೆಯ ಮೂಲೆಯ ಕಲ್ಲುಕಂಬಕ್ಕೂ ತಂದೆ. ನಮ್ಮ ಅತಿ ತಗ್ಗಿನ ಗದ್ದೆಯ ಅಂಚು ರಸ್ತೆಗಿಂತ ಇಪ್ಪತ್ತೆರಡು ಇಂಚು ಕೆಳಗಿದೆ ಎಂದು ಗೊತ್ತಾದದ್ದೇ ಆ ದಿನ. ಈಗ ಮೋರಿ ನೋಡಿದರೆ ಗದ್ದೆಯ ಕತೆ ತಿಳಿಯುತ್ತದೆ.

ನೋಟ್‌ಬುಕ್ಕಿನಲ್ಲಿ ಗಂಟೆ, ಗೆರೆ, ಮಳೆ, ಭರತ (ಕಡಲಿನ ಉಬ್ಬರ) ಇಷ್ಟನ್ನೇ ಬರೆಯುತ್ತೇನೆ. ಎರಡು ಮಳೆಗಾಲ ಬರೆದ ಮೇಲೆ ಕಂಡದ್ದು ಇದು: ನೀರು ಏರುವುದು ಘಟ್ಟದ ಬದಿಯ ಮಳೆಯಿಂದ, ಇಳಿಯುವುದು ಮಾತ್ರ ಕೋಡಿಬೆಂಗ್ರೆಯ ಅಳಿವೆಯ (ನದೀಮುಖದ) ಮರ್ಜಿಯಿಂದ. ಸೀತಾ, ಸ್ವರ್ಣಾ ಎರಡೂ ನದಿಗಳು ಕಡಲು ಸೇರುವುದು ಅಲ್ಲೇ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ ಜೋರಾಗಿರುತ್ತದೆ. ಆಗ ಬಂದ ನೀರು ಹೋಗಲು ದಾರಿಯಿಲ್ಲದೆ ಗದ್ದೆಯಲ್ಲೇ ನಿಲ್ಲುತ್ತದೆ. ಅಷ್ಟೇ ನೀರು ಬೇರೆ ದಿನ ಬಂದರೆ ಸಂಜೆಯೊಳಗೆ ಖಾಲಿ.

ಭತ್ತಕ್ಕೆ ಎತ್ತರಕ್ಕಿಂತ ನಿಂತ ಹೊತ್ತೇ ಮುಖ್ಯ. ಗರಿಯ ತುದಿ ಹೊರಗೆ ಕಂಡರೆ ನಾನು ಹೆದರುವುದಿಲ್ಲ. ಪೂರ್ತಿ ಮುಳುಗಿ, ಅದೂ ಕೆಸರು ನೀರಿನಲ್ಲಿ, ದಿನಗಟ್ಟಲೆ ನಿಂತರೆ ನೇಜಿ (ಭತ್ತದ ಸಸಿ) ಕೊಳೆಯುತ್ತದೆ. ಹಾಗಾಗಿ ತಗ್ಗಿನ ಗದ್ದೆಯಲ್ಲಿ ಎಂ.ಒ.4 ಭತ್ತದ ತಳಿ ಬಿಟ್ಟು, ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದ ಸಹ್ಯಾದ್ರಿ ಪಂಚಮುಖಿ ಹಾಕಿದೆ. ನೆರೆ ತಡೆಯುವ ಕೆಂಪಕ್ಕಿ ತಳಿ ಅದು. ಕೊಳೆತ ಕಡೆ ಮತ್ತೆ ನೆಡಲೆಂದು ಮನೆಯ ಹತ್ತಿರದ ಬೆಟ್ಟು ಗದ್ದೆಯಲ್ಲಿ, ಅಂದರೆ ಎತ್ತರದ ಗದ್ದೆಯಲ್ಲಿ, ಒಂದಿಷ್ಟು ನೇಜಿ ಹೆಚ್ಚಿಗೆ ಉಳಿಸಿಕೊಳ್ಳುತ್ತೇನೆ. ನೀರು ಮೈನಸ್ ಮೂವತ್ತರ ಗೆರೆಗೆ ಬಂದು ಮಳೆ ನಿಲ್ಲದಿದ್ದರೆ ಯೂರಿಯಾ ಚೀಲ ಬಿಚ್ಚುವುದಿಲ್ಲ, ಹಾಕಿದ್ದು ಕೊಚ್ಚಿಹೋಗುತ್ತದೆ.

ರಸ್ತೆಯ ವಿಷಯದಲ್ಲಿ ನಾವೆಲ್ಲ ತಪ್ಪು ತಿಳಿದಿದ್ದೆವು. ನೀರು ತುಂಬಿದಾಗ ಮಾತ್ರ ಅಪಾಯ ಎಂದುಕೊಂಡಿದ್ದೆವು. ಆದರೆ ನದಿ ಮೊದಲು ಇಳಿದು ಗದ್ದೆಯಲ್ಲಿ ನೀರು ಉಳಿದರೆ, ಅದು ರಸ್ತೆಯ ಮೇಲೆ ಹಾದು ನದಿಬದಿಗೆ ಧುಮುಕುತ್ತದೆ. ಆಗಲೇ ಡಾಂಬರಿನ ಅಡಿಯ ಮಣ್ಣು ಕೊರೆದುಹೋಗುವುದು. ಮೇಲಿನಿಂದ ನೋಡಿದರೆ ರಸ್ತೆ ಸರಿಯಾಗಿಯೇ ಕಾಣುತ್ತದೆ. ಒಂದು ಬೆಳಿಗ್ಗೆ ಅಂಚಿನ ಅಡಿಗೆ ಕೋಲು ಹಾಕಿದೆ, ಮೊಣಕೈಯವರೆಗೆ ಒಳಗೆ ಹೋಯಿತು. ಅರ್ಧ ಗಂಟೆಯಲ್ಲಿ ಶಾಲೆಯ ಮಕ್ಕಳ ರಿಕ್ಷಾ ಅಲ್ಲೇ ಹೋಗಬೇಕಿತ್ತು. ಕೈ ನಡುಗಿತು. ಈಗ ಸೊನ್ನೆಯ ಮೇಲೆ ನಾಲ್ಕು ಇಂಚು ಬಂದರೆ ರಸ್ತೆಗೆ ಅಡ್ಡ ಹಗ್ಗ ಕಟ್ಟುತ್ತೇವೆ. ನೀರಿಳಿದ ಮೇಲೆ ಎರಡೂ ಬದಿ ಸರಳಿನಲ್ಲಿ ಚುಚ್ಚಿ ನೋಡದೆ ಬಿಚ್ಚುವುದಿಲ್ಲ.

ಬೇಸಿಗೆಗೆ ನೀರು ನಿಲ್ಲಿಸುವ ತೋಡಿನ ಕಿಂಡಿ ಅಣೆಕಟ್ಟಿನ ಹಲಗೆಗಳನ್ನೂ, ಮಳೆನೀರಿಗೆ ಅಡ್ಡವಾಗದಿರಲಿ ಎಂದು, ಮೇ ಮುಗಿಯುವ ಮೊದಲೇ ತೆಗೆಯುತ್ತೇವೆ.

ಮಳೆಗಾಲದ ರಾತ್ರಿ ಈಗ ಪಕ್ಕದ ಮನೆಯ ಅಣ್ಣನ ಫೋನು ಬರುತ್ತದೆ. "ಎಷ್ಟುಂಟು ಮಾರಾಯ?" "ಮೈನಸ್ ಎಂಟು ಅಣ್ಣ, ಭರತ ಇಳಿಯಲಿಕ್ಕೆ ಇನ್ನೂ ಎರಡು ಗಂಟೆ ಉಂಟು." ಅವರು ಟಾರ್ಚು ಹಿಡಿದು ದನಗಳನ್ನು ಮೇಲಿನ ಕೊಟ್ಟಿಗೆಗೆ ಹೊಡೆಯುತ್ತಾರೆ.