ಅಲಸಂದೆ ಡಬ್ಬಿಯಲ್ಲಿ ಗಂಡು ಹೆಣ್ಣಿನ ಜಗ್ಗಾಟ ನೋಡುವುದು ಹೇಗೆ

ಕಾಳಿಗೆ ಹುಳ ಬಿತ್ತು ಅಂತ ಬಿಸಾಡುವ ಮೊದಲು ಒಂದು ಹಿಡಿ ಎತ್ತಿಟ್ಟುಕೊಳ್ಳಿ. ಚಿಂತಾಮಣಿಯಲ್ಲಿ ನಮ್ಮದು ಕಾಳಿನ ಅಂಗಡಿ. ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ಓದಿ ಅಂಗಡಿ ನೋಡಿಕೊಳ್ಳಲು ಬಂದವಳು ನಾನು. ಬೇರೆಯವರು ಬೈದು ಜರಡಿ ಹಿಡಿಯುವ ಈ ಹುಳವನ್ನು ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಸಾಕುತ್ತಾರೆ ಅಂದರೆ ನಮ್ಮ ಗಿರಾಕಿಗಳು ನಂಬುವುದಿಲ್ಲ. ಗಂಡಿಗೆ ಲಾಭವಾದದ್ದು ಹೆಣ್ಣಿಗೆ ಪೆಟ್ಟಾಗಬಹುದು ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸುವ ಪ್ರಾಣಿಗಳು ಕಡಿಮೆ. ಕಾಳು ಕೊರೆಯುವ ಈ ಪುಟ್ಟ ದುಂಬಿಯ ವೈಜ್ಞಾನಿಕ ಹೆಸರು ಕ್ಯಾಲೊಸೊಬ್ರುಕಸ್ ಮ್ಯಾಕುಲೇಟಸ್.

ಅಲಸಂದೆ ಅಥವಾ ಹೆಸರುಕಾಳು ತೆಗೆದುಕೊಳ್ಳಿ. ಹುಳ ಬಾರದಂತೆ ಹರಳೆಣ್ಣೆ ಸವರಿದ್ದು, ಕೆಮ್ಮಣ್ಣು ಕಟ್ಟಿದ್ದು ಬೇಡ. ಹುಳ ಕೊಲ್ಲುವ ಮಾತ್ರೆ ಇಟ್ಟ ಮೂಟೆಗಂತೂ ಕೈ ಹಾಕಲೇಬೇಡಿ, ಅದರ ಗಾಳಿ ವಿಷ. ಕಾಳಿನ ಮೇಲೆ ಬಿಳಿ ಚುಕ್ಕೆ ಅಂಟಿದ್ದರೆ ಅದು ಮೊಟ್ಟೆ. ಮರಿ ಒಳಗೆ ಕೊರೆದು ಅಲ್ಲೇ ಬೆಳೆಯುತ್ತದೆ. ಹುಳ ಹೊರಬರುವ ಮೊದಲು ಸಿಪ್ಪೆಯಲ್ಲಿ ದುಂಡಗೆ ಒಂದು ಮಬ್ಬು ಕಿಟಕಿ ಕಾಣುತ್ತದೆ. ಅಂಥ ಕಾಳು ಆರಿಸಿ, ಒಂದೊಂದನ್ನು ಒಂದೊಂದು ಪುಟ್ಟ ಸೀಸೆಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ. ಈ ಕೆಲಸಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಎಲ್ಲ ಒಂದೇ ಡಬ್ಬಿಯಲ್ಲಿದ್ದರೆ ಹೊರಬಂದ ಸ್ವಲ್ಪ ಹೊತ್ತಿಗೇ ಕೂಡಿಬಿಡುತ್ತವೆ, ಮೊದಲ ಕೂಡುವಿಕೆ ನಿಮಗೆ ಸಿಗುವುದಿಲ್ಲ.

ಗಂಡು ಯಾವುದು, ಹೆಣ್ಣು ಯಾವುದು? ರೆಕ್ಕೆ ಮುಚ್ಚದೆ ಬಿಟ್ಟ ಹಿಂಭಾಗದ ತುದಿ ನೋಡಿ. ಎರಡು ಪಕ್ಕದಲ್ಲೂ ಕಪ್ಪು ಪಟ್ಟೆ ಇದ್ದರೆ ಹೆಣ್ಣು. ಪಟ್ಟೆ ಇಲ್ಲದೆ ತಿಳಿ ಬಣ್ಣದ್ದಾದರೆ ಗಂಡು. ಮೀಸೆ ಬಾಚಣಿಗೆ ಹಲ್ಲಿನ ಹಾಗಿದ್ದರೆ ಅದು ಇದರ ದಾಯಾದಿ ಜಾತಿ ಕ್ಯಾಲೊಸೊಬ್ರುಕಸ್ ಚೈನೆನ್ಸಿಸ್‌ನ ಗಂಡು. ಅದನ್ನು ಇದರ ಜೊತೆ ಬೆರೆಸಬೇಡಿ.

ಈಗ ಗಾಜಿನ ಬಟ್ಟಲಲ್ಲಿ ಬಿಳಿ ಕಾಗದ ಹಾಸಿ ಒಂದು ಜೋಡಿ ಬಿಡಿ. ಕೈಯಲ್ಲಿ ಭೂತಗನ್ನಡಿ ಇರಲಿ, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇರಲಿ. ಗಂಡು ಮೀಸೆ ಆಡಿಸುತ್ತಾ ಬಂದು ಹಿಂದಿನಿಂದ ಹತ್ತುತ್ತದೆ. ಕೂಡಿದ ಮೇಲೆ ಹಿಂದಕ್ಕೆ ವಾಲಿ ಸುಮ್ನೆ ಇರುತ್ತದೆ. ಕೆಲವು ನಿಮಿಷ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಕಣ್ಣು ತೆಗೆಯಬೇಡಿ. ಹೆಣ್ಣಿನ ಹಿಂಗಾಲು ಮೇಲೇಳುತ್ತದೆ, ಒಂದು ಒದೆ ಬೀಳುತ್ತದೆ. ಆಮೇಲೆ ಎರಡೂ ಕಾಲಲ್ಲಿ ಪಟಪಟ ಒದೆಯುತ್ತಾಳೆ, ಅವನು ಬಿಡುವವರೆಗೂ. ಮೊದಲ ಒದೆ ಯಾವಾಗ, ಬಿಟ್ಟದ್ದು ಯಾವಾಗ, ಎರಡನ್ನೂ ಬರೆದಿಡಿ.

ಯಾಕೆ ಒದೆಯುತ್ತಾಳೆ? ಗಂಡಿನ ಜನನಾಂಗದ ತುದಿಯಲ್ಲಿ ಮುಳ್ಳುಗಳಿವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೈ ಜುಂ ಅನ್ನುತ್ತದೆ. ಅವು ಹೆಣ್ಣಿನ ಒಳಗೆ ಗಾಯ ಮಾಡುತ್ತವೆ. 2000ರಲ್ಲಿ ಹೆಲೆನ್ ಕ್ರಡ್ಜಿಂಗ್ಟನ್ ಮತ್ತು ಮೈಕ್ ಸಿವಾ-ಜೋತಿ ಎಂಬ ವಿಜ್ಞಾನಿಗಳು ಇದನ್ನು ತೋರಿಸಿದರು. ಹೆಣ್ಣು ಒದೆಯದಂತೆ ತಡೆದಾಗ ಕೂಡುವಿಕೆ ಜಾಸ್ತಿ ಹೊತ್ತು ನಡೆಯಿತು, ಗಾಯವೂ ಜಾಸ್ತಿಯಾಯಿತು. (ನೀವು ಮನೆಯಲ್ಲಿ ಹುಳದ ಕಾಲು ಮುಟ್ಟಬೇಡಿ. ನೋಡಿದರೆ ಸಾಕು.)

ಹೆಣ್ಣಿಗೆ ಗಾಯವಾದರೆ ಗಂಡಿಗೇನು ಲಾಭ ಅಂತ ಕೇಳುತ್ತಾರೆ. ಗಾಯದಿಂದಲೇ ಅವನಿಗೆ ಲಾಭ ಅಂತಲ್ಲ. ಉದ್ದ ಮುಳ್ಳಿನ ಗಂಡುಗಳಿಗೆ ಪೈಪೋಟಿಯಲ್ಲಿ ಜಾಸ್ತಿ ಮೊಟ್ಟೆಗಳ ತಂದೆಯಾಗುವ ಅವಕಾಶ ಸಿಗುತ್ತದೆ ಎಂದು 2009ರಲ್ಲಿ ಸ್ವೀಡನ್ನಿನ ಕೊಸಿಮಾ ಹಾಟ್ಜಿ ಮತ್ತು ಯೋರಾನ್ ಅರ್ನ್‌ಕ್ವಿಸ್ಟ್ ಕಂಡುಕೊಂಡರು. ಮಕ್ಕಳು ಜಾಸ್ತಿಯಾದರೆ ಮುಳ್ಳೂ ಮುಂದಿನ ಪೀಳಿಗೆಗೆ ಹೋಗುತ್ತದೆ. ಹೆಣ್ಣಿಗೆ ನೋವಾದರೂ ಅದು ನಿಲ್ಲುವುದಿಲ್ಲ. ಹಾಗಂತ ಹೆಣ್ಣೂ ಸುಮ್ಮನೆ ಕೂತಿಲ್ಲ. ಈ ಗುಂಪಿನ ಬೇರೆ ಬೇರೆ ಜಾತಿಯ ದುಂಬಿಗಳನ್ನು ಹೋಲಿಸಿದಾಗ, ಗಂಡಿನ ಅಂಗ ಹೆಚ್ಚು ಹಾನಿ ಮಾಡುವ ಜಾತಿಗಳಲ್ಲಿ ಹೆಣ್ಣಿನ ಜನನಾಂಗದ ಒಳಗೋಡೆಯೂ ಗಟ್ಟಿಯಾಗಿತ್ತು.

ಇಷ್ಟಾದರೂ ಕೆಲವು ಹೆಣ್ಣುಗಳು ಮತ್ತೆ ಕೂಡುತ್ತವೆ. ನನಗೆ ತುಂಬಾ ಇಷ್ಟವಾದ ಪ್ರಯೋಗ ಇರುವುದು ಇಲ್ಲೇ. ಬೆಳೆದು ಹೊರಬಂದ ಹುಳಕ್ಕೆ ಕಾಳಿನ ಡಬ್ಬಿಯಲ್ಲಿ ನೀರು ಎಲ್ಲಿಂದ ಬರಬೇಕು? ಗಂಡು ಕೊಡುವ ವೀರ್ಯದ್ರವ ಅವನ ಮೈತೂಕದಲ್ಲಿ ದೊಡ್ಡ ಪಾಲು, ಆ ದ್ರವದಲ್ಲಿ ನೀರಿದೆ. ನೀರು ಸಿಕ್ಕಿದ ಹೆಣ್ಣುಗಳು ಕಡಿಮೆ ಸಲ ಕೂಡಿದವು ಎಂದು 2007ರಲ್ಲಿ ಎಡ್ವರ್ಡ್‌ಸನ್ ಎಂಬ ವಿಜ್ಞಾನಿ ತೋರಿಸಿದರು. ಬಾಯಾರಿಕೆಗೆ ಗಾಯವನ್ನೂ ತಾಳಿಕೊಳ್ಳುತ್ತಾಳೆ ಅಲ್ವಾ!

ನೀವೂ ಮಾಡಿ. ಒಂದು ಸಲ ಕೂಡಿದ ಹೆಣ್ಣುಗಳನ್ನು ಎರಡು ಗುಂಪು ಮಾಡಿ. ಒಂದು ಗುಂಪಿನ ಸೀಸೆಗಳಲ್ಲಿ ಮುಚ್ಚಳದಲ್ಲಿ ಹಿಂಡಿದ ಒದ್ದೆ ಹತ್ತಿ ಇಡಿ. ಹನಿ ತೊಟ್ಟಿಕ್ಕಬಾರದು, ಬೂಷ್ಟು ಹಿಡಿಯುತ್ತದೆ. ಇನ್ನೊಂದು ಗುಂಪಿಗೆ ಒಣ ಹತ್ತಿ. ಎರಡಕ್ಕೂ ಮೊಟ್ಟೆ ಇಡಲು ಒಂದೇ ಲೆಕ್ಕದ ಕಾಳು ಕೊಡಿ. ದಿನಾ ಒಂದೇ ಹೊತ್ತಿಗೆ ಹೊಸ ಗಂಡು ಬಿಟ್ಟು, ಯಾರು ಒಪ್ಪಿದರು, ಯಾರು ಒದ್ದು ಓಡಿಸಿದರು ಅಂತ ಗುರುತು ಹಾಕಿ. ಈ ಹುಳಗಳು ಬದುಕುವುದೇ ಒಂದೆರಡು ವಾರ, ಆದ್ದರಿಂದ ನಾಳೆ ನೋಡೋಣ ಅಂತ ತಳ್ಳಬೇಡಿ.

ಮುಗಿದ ಮೇಲೆ ಸೀಸೆಗಳನ್ನು ಒಂದು ವಾರ ಫ್ರೀಜರಿನಲ್ಲಿಡಿ. ಆಮೇಲೆ ಕಾಳು ಕೋಳಿಗೆ ಹಾಕಿ. ಹಾಗೇ ಬಿಟ್ಟರೆ ಮನೆಯ ಅಷ್ಟೂ ಕಾಳಿಗೆ ಕುಟ್ಟೆ ಹಿಡಿಯುತ್ತದೆ.