ಒಂದೇ ತಾಯಿ ಮಕ್ಕಳಂತೆ ಕಾಣದ ಎಂಟು ಪಟ್ಟಿಗಳು

ಕಲಬುರಗಿ ಅಂದರೆ ತೊಗರಿ, ತೊಗರಿ ಅಂದರೆ ಬೇಳೆ ಮಿಲ್ಲು. ಹಾಗಾಗಿ ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ನಾನು ಮಾಡುವ ಸಣ್ಣಪುಟ್ಟ ಕೆಲಸವೂ ಕೊನೆಗೆ ಯಾವುದಾದರೂ ಮಿಲ್ಲಿಗೇ ಹೋಗುತ್ತದೆ. ಈ ಸಲ ಬಂದದ್ದು ಕಪನೂರ ಕಡೆಯ ಒಂದು ಮಿಲ್ಲಿನ ಕೆಲಸ. ಜರಡಿಯ ಪಕ್ಕಕ್ಕೆ ಕೂರುವ ಎಂಟು ಅಲ್ಯೂಮಿನಿಯಂ ಪಟ್ಟಿ. 120 ಮಿಮೀ ಉದ್ದ, 60 ಅಗಲ, 10 ದಪ್ಪ.

ನನ್ನ ಬ್ಯಾಂಡ್ ಸಾ, ಅಂದರೆ ಚಕ್ರಗಳ ಮೇಲೆ ಬಳೆಯಂತೆ ಸುತ್ತುವ ಬ್ಲೇಡಿನ ಗರಗಸ, ಮರ ಕೊಯ್ಯಲು ತಂದದ್ದು. 12 ಇಂಚಿನ ಚಕ್ರ, ನಿಮಿಷಕ್ಕೆ 850 ಸುತ್ತು. ಅಂದರೆ ಬ್ಲೇಡ್ ನಿಮಿಷಕ್ಕೆ ಸುಮಾರು 800 ಮೀಟರ್ ಓಡುತ್ತದೆ. ಈ ವೇಗದಲ್ಲಿ ಕಬ್ಬಿಣ ಮುಟ್ಟಿಸಿದರೆ ಹಲ್ಲು ಸುಟ್ಟು ಹೋಗುತ್ತವೆ. ಅಲ್ಯೂಮಿನಿಯಂ ಮಾತ್ರ ತಡೆದುಕೊಳ್ಳುತ್ತದೆ. ಆ ಧೈರ್ಯದ ಮೇಲೆ ಫೆನ್ಸ್ (ತುಂಡನ್ನು ಒರಗಿಸಿ ನೆಟ್ಟಗೆ ತಳ್ಳುವ ಪಟ್ಟಿ) ಬಿಗಿದು, ಎಂಟೂ ತುಂಡು ಒಂದೇ ಉಸಿರಿಗೆ ಕೊಯ್ದು ಮುಗಿಸಿದೆ.

ಮಿಲ್ಲಿನ ಹುಡುಗ ಬಂದು ಎಂಟನ್ನೂ ಟೇಬಲ್ ಮೇಲೆ ಸಾಲಾಗಿ ನಿಲ್ಲಿಸಿ ನೋಡಿದ. "ಅಣ್ಣಾರ, ಇವು ಒಂದೇ ತಾಯಿ ಮಕ್ಕಳಂಗ ಕಾಣವಲ್ವು" ಅಂದ. ಸಿಟ್ಟು ಬಂತು, ಆದರೆ ಅವನ ಮಾತು ನಿಜ. ಒಂದು ತುದಿ 60, ಇನ್ನೊಂದು ತುದಿ 58.8. ಕೆಲವಕ್ಕಂತೂ ಕೊಯ್ದ ಮುಖ ನಡುವೆ ಹೊಟ್ಟೆ ಬಿಟ್ಟಿತ್ತು.

ಮೊದಲು ಮಷೀನನ್ನೇ ಬೈದೆ. ಆಮೇಲೆ ಬ್ಲೇಡ್ ಬಿಚ್ಚಿ ಬೆಳಕಿಗೆ ಹಿಡಿದೆ. ಹಿಂದಿನ ತಿಂಗಳು ಹಳೆ ಸಾಗವಾನಿ ಚೌಕಟ್ಟು ಕೊಯ್ಯುವಾಗ ಮೊಳೆ ಸಿಕ್ಕಿತ್ತು, ಮರೆತೇಬಿಟ್ಟಿದ್ದೆ. ಬಲಕ್ಕೆ ಬಾಗಿದ ಹಲ್ಲುಗಳೆಲ್ಲ ಮೊಂಡಾಗಿದ್ದವು. ಎಡಗಡೆಯವು ಮಾತ್ರ ಚೂಪು. ಚೂಪಿದ್ದ ಕಡೆಗೇ ಬ್ಲೇಡ್ ಎಳೆಯುತ್ತದೆ, ಅಲ್ವಾ? ಮೊಂಡು ಹಲ್ಲಿನ ಸಂದಿಯಲ್ಲಿ ಅಲ್ಯೂಮಿನಿಯಂ ಬೇರೆ ಮೆತ್ತಿಕೊಂಡಿತ್ತು. ಹೊಟ್ಟೆ ಬಂದದ್ದಕ್ಕೆ ಕಾರಣ ಬೇರೆ: ಬ್ಲೇಡ್ ಸಡಿಲವಿತ್ತು, ನಾನು ಜೋರಾಗಿ ತಳ್ಳಿದ್ದೆ.

ಹೊಸ ಬ್ಲೇಡ್ ಹೈದರಾಬಾದಿನಿಂದ ತರಿಸಿದೆ, ಇಂಚಿಗೆ 10 ಹಲ್ಲಿನದು. ಯಾವಾಗಲೂ ಕನಿಷ್ಠ ಮೂರು ಹಲ್ಲು ಲೋಹದೊಳಗಿರಬೇಕು. 10 ಮಿಮೀ ದಪ್ಪಕ್ಕೆ ಇದರಲ್ಲಿ ನಾಲ್ಕು ಹಲ್ಲು ಬೀಳುತ್ತವೆ. 2 ಮಿಮೀ ತಗಡಾದರೆ ಇದೇ ಬ್ಲೇಡ್ ಹರಿದು ಎಳೆದಾಡುತ್ತದೆ. ಆಗ ನಾನು ಕೆಳಗೆ ಪ್ಲೈವುಡ್ ತುಂಡು ಅಂಟಿಸಿ ಎರಡನ್ನೂ ಒಟ್ಟಿಗೆ ಕೊಯ್ಯುತ್ತೇನೆ.

ಹೊಸ ಬ್ಲೇಡ್ ಕೂಡ ನೆಟ್ಟಗೇ ಹೋಗುತ್ತದೆ ಅಂತ ನಂಬಲಿಲ್ಲ. ಒಂದು ಹಲಗೆ ಮೇಲೆ ಅಂಚಿಗೆ ಸಮನಾಗಿ ಗೆರೆ ಎಳೆದೆ. ಫೆನ್ಸ್ ತೆಗೆದಿಟ್ಟು, ಬರೀ ಕೈಯಿಂದ ಗೆರೆಯ ಮೇಲೆ ಅರ್ಧದವರೆಗೆ ಕೊಯ್ದೆ. ಹಲಗೆ ಅಲ್ಲಾಡದಂತೆ ಹಿಡಿದೇ ಸ್ವಿಚ್ ಆರಿಸಿದೆ. ಬ್ಲೇಡ್ ನಿಂತ ಮೇಲೆ ಹಲಗೆಯ ಅಂಚಿನ ಗುಂಟ ಟೇಬಲ್ ಮೇಲೆ ಪೆನ್ಸಿಲ್ ಗೀರು ಹಾಕಿದೆ. ನೋಡಿದರೆ ಗೀರು ಸ್ವಲ್ಪ ಓರೆ! ಆ ಓರೆಗೇ ಫೆನ್ಸ್ ಕೂರಿಸಿದೆ. ಕಣ್ಣಿಗೆ ಸೊಟ್ಟ ಕಾಣುತ್ತದೆ, ಕೊಯ್ತ ಮಾತ್ರ ಸರಿ ಬರುತ್ತದೆ. ಬ್ಲೇಡ್ ಬದಲಿಸಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು.

ಬ್ಲೇಡ್ ಅತ್ತಿತ್ತ ಸರಿಯದಂತೆ ತಡೆಯುವ ಮೇಲಿನ ಗೈಡನ್ನು ಪಟ್ಟಿಯಿಂದ 5 ಮಿಮೀ ಎತ್ತರಕ್ಕೆ ಇಳಿಸಿದೆ. ಗೈಡಿಗೂ ಬ್ಲೇಡಿಗೂ ನಡುವೆ ಒಂದು ಕಾಗದ ಹೋಗುವಷ್ಟೇ ಸಂದಿ. ಟೇಬಲ್ಲು ಬ್ಲೇಡಿಗೆ 90 ಡಿಗ್ರಿ ಇದೆಯಾ ಅಂತ ಮೂಲೆಮಟ್ಟ ಇಟ್ಟು ನೋಡಿದೆ. ಮಷೀನ್ ಆರಿಸಿ, ಚಕ್ರವನ್ನು ಕೈಯಿಂದ ತಿರುಗಿಸುತ್ತ ಹಲ್ಲಿಗೆ ಮೇಣದ ಬತ್ತಿ ಉಜ್ಜಿದೆ. ಸೀಮೆಎಣ್ಣೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕೆಳಗಿನ ಪೆಟ್ಟಿಗೆಯಲ್ಲಿ ಮರದ ಹೊಟ್ಟು ತುಂಬಿರುತ್ತದೆ, ಮೇಲಿಂದ ಬಿಸಿ ಚೂರು ಬೀಳುತ್ತವೆ. ನನಗಂತೂ ಆ ಧೈರ್ಯ ಇಲ್ಲ. ಮೇಣವಿದ್ದರೂ ಹೊಟ್ಟನ್ನೆಲ್ಲ ಗುಡಿಸಿಯೇ ಶುರು ಮಾಡುತ್ತೇನೆ. ಕನ್ನಡಕ ಹಾಕುತ್ತೇನೆ, ಕೈಗವಸು ಹಾಕುವುದಿಲ್ಲ. ಬ್ಲೇಡಿಗೆ ಬಟ್ಟೆ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಕೊನೆಯ ಎರಡು ಇಂಚನ್ನು ಕಟ್ಟಿಗೆ ತುಂಡಿನಿಂದ ತಳ್ಳುತ್ತೇನೆ.

ಎಂಟೂ ಪಟ್ಟಿ ಹೊಸದಾಗಿ ಕೊಯ್ದೆ. ಈ ಸಲ ಗೆರೆಯ ಮೇಲೆ ಕೊಯ್ಯಲಿಲ್ಲ, ಗೆರೆಯ ಹೊರಗೆ ಅರ್ಧ ಮಿಮೀ ಬಿಟ್ಟೆ. ಉಳಿದದ್ದು ಫೈಲಿನ ಕೆಲಸ. ಫೈಲಿಗೆ ಮೊದಲೇ ಸೀಮೆಸುಣ್ಣ ಉಜ್ಜಿದರೆ ಅಲ್ಯೂಮಿನಿಯಂ ಕಚ್ಚಿಕೊಳ್ಳುವುದಿಲ್ಲ. ಎರಡೆರಡು ಪಟ್ಟಿ ಜೋಡಿಸಿ ವೈಸಿನಲ್ಲಿ ಹಿಡಿದು ಉಜ್ಜಿದೆ.

ಮೇ ತಿಂಗಳ ಮಧ್ಯಾಹ್ನ, ಶೆಡ್ಡಿನೊಳಗೆ ಬೆಂಕಿ. ಆಗತಾನೆ ಕೊಯ್ದ ತುಂಡು ಮುಟ್ಟಿದರೆ ಚುರ್ ಅನ್ನುತ್ತದೆ. 120 ಮಿಮೀ ಪಟ್ಟಿ 30 ಡಿಗ್ರಿ ಜಾಸ್ತಿ ಬಿಸಿಯಾದರೆ 0.08 ಮಿಮೀ ಹಿಗ್ಗುತ್ತದೆ. ಜರಡಿಗೆ ಅದು ಲೆಕ್ಕಕ್ಕಿಲ್ಲ, ಬಿಡಿ. ಆದರೂ ರಾತ್ರಿಯಿಡೀ ಆರಲು ಬಿಟ್ಟು, ಬೆಳಿಗ್ಗೆ ಚಹಾಕ್ಕಿಂತ ಮೊದಲು ವರ್ನಿಯರ್ ಹಿಡಿದು ಅಗಲ ಅಳೆದೆ. ಎಂಟೂ 60ಕ್ಕೆ 0.1ರ ಒಳಗೆ ಕೂತಿದ್ದವು.

ಹುಡುಗ ಮತ್ತೆ ಬಂದ. ಸಾಲಾಗಿ ನಿಲ್ಲಿಸಿ, ಅಂಚಿನ ಮೇಲೆ ಉಗುರು ಎಳೆದು ನೋಡಿದ. "ಈಗ ಬರೋಬ್ಬರಿ ಅದ" ಅಂದ. ಆಮೇಲೆ ಚೀಲದಿಂದ ಒಂದು ದುಂಡನೆ ಅಲ್ಯೂಮಿನಿಯಂ ಸರಳು ತೆಗೆದು ನನ್ನ ಮುಂದೆ ಇಟ್ಟ. ದುಂಡಂದು ಬ್ಲೇಡಿಗೆ ಸಿಕ್ಕರೆ ಕೈಯೊಳಗೇ ಉರುಳುತ್ತದೆ. ಅದಕ್ಕೆ ಮೊದಲು ಸರಳು ಕೂರಿಸಿ ತಳ್ಳಲು ವಿ ಆಕಾರದ ಕಟ್ಟಿಗೆ ಗಾಡಿ ಮಾಡಬೇಕು. "ನಾಡಿದ್ದು ಬಾ" ಅಂತ ಹೇಳಿ ಕಳಿಸಿದೆ.